ಒಬ್ಬನಿಂದ ಆಗುವ ಕೆಲಸವೇ?

ಕೆನಡಿ ಹತ್ಯೆಯ ಉಳಿದ ಕಡತಗಳನ್ನು ಅಮೆರಿಕ 2025ರ ಮಾರ್ಚ್‌ನಲ್ಲಿ ಹೊರಬಿಟ್ಟಿತು. ಇಷ್ಟಾದರೂ ಕೊಂದವನು ಆಸ್ವಾಲ್ಡ್ ಒಬ್ಬನೇ ಎಂದರೆ ಜನ ಯಾಕೆ ನಂಬುವುದಿಲ್ಲ ಎಂದು ಬೈಂದೂರಿನ ಓದುಗರೊಬ್ಬರು ಕೇಳಿದ್ದಾರೆ. ಪತ್ರದ ಕೊನೆಗೆ ತಮ್ಮ ತೀರ್ಪನ್ನೂ ಕೊಟ್ಟಿದ್ದಾರೆ: "ಅದ್ ಒಬ್ನಿಂದ ಆಪ್ ಕೆಲ್ಸ ಅಲ್ಲ ಮಾರಾಯ್ರೆ."

ಅಮೆರಿಕನ್ನರದೂ ಅದೇ ತೀರ್ಪು. ಇದು ಸಂಚು ಎಂದವರು 1963ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 52, 1976ರಲ್ಲಿ ಶೇ. 81, 2023ರಲ್ಲಿ ಶೇ. 65.

ಮನಶ್ಶಾಸ್ತ್ರಜ್ಞರಾದ ಕ್ಲಾರ್ಕ್ ಮೆಕಾಲಿ ಮತ್ತು ಸೂಸನ್ ಜಾಕ್ಸ್ 1979ರಲ್ಲಿ ಒಂದು ಸ್ವಾರಸ್ಯ ಪ್ರಕಟಿಸಿದರು. ಅಧ್ಯಕ್ಷನ ಮೇಲೆ ಗುಂಡು ಹಾರಿತು ಎನ್ನಿ. ಆತ ಬದುಕಿದರೆ ಸಂಚಿನ ಶಂಕೆ ಕಡಿಮೆ, ಸತ್ತರೆ ಹೆಚ್ಚು.

ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟ ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕರ್ಣ ಬರೀ ಅರ್ಜುನನ ಬಾಣಕ್ಕೆ ಸತ್ತ ಎಂದರೆ ಯಾರು ಒಪ್ಪುತ್ತಾರೆ? ಇಂದ್ರ ಬಂದು ಕವಚ ಒಯ್ದಿರಬೇಕು, ಪರಶುರಾಮರ ಶಾಪ ತಟ್ಟಬೇಕು, ಕುಂತಿ ಮಾತು ಪಡೆಯಬೇಕು, ಶಲ್ಯ ರಥದಿಂದ ಇಳಿದು ನಡೆಯಬೇಕು, ನೆಲ ಗಾಲಿ ನುಂಗಬೇಕು. ಇಷ್ಟೂ ಸೇರಿದ ಮೇಲೆಯೇ ನೋಡುವವರಿಗೆ ಸಮಾಧಾನ. ಅಂಚೆಯಲ್ಲಿ ತರಿಸಿದ ಅಗ್ಗದ ರೈಫಲ್ ಹಿಡಿದ 24ರ ಆಸ್ವಾಲ್ಡ್ ಕೆನಡಿಯ ಸಾವಿಗೆ ಎಲ್ಲಿ ಸಾಲುತ್ತಾನೆ!

ಹಾಗೆಂದು ಶಂಕಿಸುವವರೆಲ್ಲ ಪೆದ್ದರು ಎಂಬ ಮಾತು ನನಗೆ ಹಿಡಿಸುವುದಿಲ್ಲ. ಒಂಟಿಯಾಗಿ ಬಂದವನ ಗುರಿ ತಪ್ಪುವುದೇ ಹೆಚ್ಚು ಎಂದುಕೊಂಡವನಿಗೆ, ಗುರಿ ತಗಲಿದ್ದೇ ಸಂಚಿನ ಸುಳಿವು. ಅವನ ಲೆಕ್ಕದಲ್ಲಿ ಅದು ತಪ್ಪಲ್ಲ ಎಂದವರೂ ಮೆಕಾಲಿ ಮತ್ತು ಜಾಕ್ಸ್ ಅವರೇ. ಗಾಂಧೀಜಿ ಹತ್ಯೆಯಲ್ಲಿ ಸಂಚು ನ್ಯಾಯಾಲಯದಲ್ಲೇ ಸಾಬೀತಾಗಿ, 1949ರ ನವೆಂಬರ್ 15ರಂದು ಗೋಡ್ಸೆಯ ಜೊತೆ ನಾರಾಯಣ ಆಪ್ಟೆಗೂ ಗಲ್ಲಾಯಿತಲ್ಲ.

ರಾಜೀವ್ ಗಾಂಧಿ ಹತ್ಯೆಯಲ್ಲೂ ಸಂಚಿತ್ತು. ಆದರೂ ಅದರ ಹಿಂದೆ ಇನ್ನೂ ಯಾರಿದ್ದರು ಎಂಬ ಗುಸುಗುಸು ನಿಲ್ಲಲಿಲ್ಲ. 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಗೆ ಕಮಾಂಡೊಗಳು ನುಗ್ಗುವಷ್ಟರಲ್ಲಿ ಶಿವರಾಸನ್, ಶುಭಾ ಮತ್ತಿತರರು ಹೆಣವಾಗಿದ್ದರು. ಆಸ್ವಾಲ್ಡ್‌ನನ್ನೂ ಎರಡೇ ದಿನದಲ್ಲಿ, ಪೊಲೀಸರ ನಡುವೆಯೇ, ಜ್ಯಾಕ್ ರೂಬಿ ಕೊಂದಿದ್ದ. ಬಾಯಿ ಬಿಡಬೇಕಾದವನೇ ಇಲ್ಲವಾದರೆ ಊಹೆಗೆ ಲಗಾಮೆಲ್ಲಿ?

ತನಿಖೆಯ ದಾರಿ ಬೇರೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಗುಂಡು ಹಾರುವಾಗ ಪಿಸ್ತೂಲಿನೊಳಗಿನ ಮೊಳೆ ತೋಟೆಯ ತಳಕ್ಕೆ ಬಡಿದು ಸಣ್ಣ ಗುಳಿ ಬೀಳುತ್ತದೆ. ಅದರ ಅಂಚು, ಗೀರು ಪಿಸ್ತೂಲಿನಿಂದ ಪಿಸ್ತೂಲಿಗೆ ಬೇರೆ. ಎರಡೂ ಕಡೆ ಸಿಕ್ಕ ಸಾಕ್ಷ್ಯ ತಾಳೆ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಬಳಸಿದ್ದು 7.65 ಎಂ.ಎಂ.ನ ಒಂದೇ ನಾಡ ಪಿಸ್ತೂಲು ಎಂದಿತು. ಒಂದೇ ತಂಡದ ಕೈವಾಡ ಎಂಬ ಶಂಕೆಗೆ ಗಟ್ಟಿ ಆಧಾರ ಸಿಕ್ಕಿದ್ದು ಅಲ್ಲಿ.