ಹವಾ ಮುನ್ಸೂಚನೆಯೂ ಖುಷ್ಕಿ ಬೇಸಾಯವೂ

ಖುಷ್ಕಿ ಜಮೀನಿನ ರೈತನಿಗೆ ಮಳೆಯೇ ಬಂಡವಾಳ. ಹದವರಿತು ಬಿತ್ತಿದ ರಾಗಿಯು ಕಡಿಮೆ ಮಳೆಯಲ್ಲಿಯೂ ಕೈಹಿಡಿಯುವುದುಂಟು. ಹದ ತಪ್ಪಿ ಬಿತ್ತಿದ ಬೀಜವು ಮೊಳೆತು ಒಣಗಿದರೆ ಬೀಜದ ಬೆಲೆ, ಎತ್ತಿನ ದುಡಿಮೆ, ಬಿತ್ತನೆಯ ಕಾಲ ಈ ಮೂರೂ ಒಮ್ಮೆಗೇ ನಷ್ಟವಾಗುವುವು. ಆದಕಾರಣ ಹವಾ ಮುನ್ಸೂಚನೆಯು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ರೈತರು ಅರಿತಿರುವುದು ಅವಶ್ಯಕ.

ನಕ್ಷತ್ರದ ಮಳೆಗಳು

ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹಿರಿಯರು ಮಳೆಗಳಿಗೆ ಹೆಸರಿಟ್ಟಿರುವುದು ಬಹುಕಾಲದ ಅನುಭವದ ಫಲ. ಒಂದೊಂದು ನಕ್ಷತ್ರದ ಅವಧಿಯು ಸುಮಾರು 13 ಅಥವಾ 14 ದಿನ. ಯಾವ ಅವಧಿಯಲ್ಲಿ ಯಾವ ಬೆಳೆಯನ್ನು ಬಿತ್ತಬಹುದೆಂಬುದನ್ನು ಈ ಲೆಕ್ಕವು ತಿಳಿಸುತ್ತದೆ. ಆದರೆ ಈ ವರ್ಷ ಆ ಮಳೆಯು ಬರುವುದೇ, ಬಂದರೆ ಯಾವ ದಿನ ಎಂಬುದು ಅದರಿಂದ ತಿಳಿಯದು.

ಮುನ್ಸೂಚನೆಯು ಸಿದ್ಧವಾಗುವ ಬಗೆ

1864ರಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತವೂ, 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟುದೂ ಕಾರಣವಾಗಿ, 1875ರಲ್ಲಿ ಭಾರತ ಹವಾಮಾನ ಇಲಾಖೆಯು ಸ್ಥಾಪಿತವಾಯಿತು. ಅದರ ಕೆಲಸದ ಮೂಲತತ್ತ್ವವು ಸರಳವಾದುದು. ಗಾಳಿಯು ವಾಯುಭಾರವು ಹೆಚ್ಚಾದ ಕಡೆಯಿಂದ ಕಡಿಮೆಯಾದ ಕಡೆಗೆ ಸಾಗಲೆಳಸುತ್ತದೆ. ಭೂಮಿಯ ತಿರುಗುವಿಕೆಯಿಂದ ಅದರ ದಾರಿಯು ಬಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರವು ಕುಸಿದರೆ ಅದರ ಪರಿಣಾಮವು ನೂರಾರು ಮೈಲಿ ಒಳನಾಡಿಗೂ ತಟ್ಟುವುದು. ಆದುದರಿಂದ ಒಂದು ಊರಿನ ಆಕಾಶವನ್ನು ನೋಡಿದ ಮಾತ್ರಕ್ಕೆ ನಾಳಿನ ಹವೆಯನ್ನು ಹೇಳಲಾಗದು. ದೇಶದಾದ್ಯಂತ ಗೊತ್ತಾದ ವೇಳೆಗೆ ವಾಯುಭಾರ, ಶಾಖ, ತೇವ, ಗಾಳಿ, ಮಳೆಗಳನ್ನು ಅಳೆಯುತ್ತಾರೆ. ಹಿಂದೆ ಈ ವರ್ತಮಾನವು ತಂತಿಯ ಮೂಲಕ ಬರುತ್ತಿದ್ದಿತು. ಈಗ ಇದರೊಡನೆ ಬಲೂನು, ರಾಡಾರ್, ಉಪಗ್ರಹಗಳ ಮಾಹಿತಿಯೂ ಸೇರಿ, ಕಂಪ್ಯೂಟರಿನ ಲೆಕ್ಕದಿಂದ ಮುಂದಿನ ದಿನಗಳ ಸ್ಥಿತಿಯು ಗೊತ್ತಾಗುತ್ತದೆ. ದಿನಗಳು ದೂರವಾದಷ್ಟೂ ಈ ಲೆಕ್ಕದ ಖಚಿತತೆಯು ಕುಗ್ಗುತ್ತದೆ.

ಮಾತಿನ ಅರ್ಥ

ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು 3 ಹವಾ ವಿಭಾಗಗಳಾಗಿ ಮಾಡಿದೆ. ವರದಿಯ ಪದಗಳಿಗೆ ಗೊತ್ತಾದ ಅಳತೆಯುಂಟು. ‘ಒಂದೆರಡು ಕಡೆ ಮಳೆ’ ಎಂದರೆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ‘ಕೆಲವು ಕಡೆ’ ಎಂದರೆ 26ರಿಂದ 50. ‘ಹಲವು ಕಡೆ’ ಎಂದರೆ 51ರಿಂದ 75. ‘ಬಹುತೇಕ ಎಲ್ಲ ಕಡೆ’ ಎಂದರೆ ಅದಕ್ಕೂ ಮೇಲೆ. ‘ಒಂದೆರಡು ಕಡೆ’ ಎಂದ ದಿನ ನಾಲ್ಕರಲ್ಲಿ ಮೂರು ಊರುಗಳು ಒಣಗಿದ್ದರೂ ವರದಿಯು ಸುಳ್ಳಾಗುವುದಿಲ್ಲ.

ಮಳೆಯ ಪ್ರಮಾಣವನ್ನೂ ಗಮನಿಸತಕ್ಕದ್ದು. 2.5 ಮಿಲಿಮೀಟರು, ಎಂದರೆ ಅಂಗುಲದ ಹತ್ತನೆಯ ಒಂದು ಭಾಗ ಬಿದ್ದರೂ ಅದು ಮಳೆಯ ದಿನವೆಂದು ಎಣಿಕೆಯಾಗುತ್ತದೆ; ಅಷ್ಟು ಮಳೆಯಿಂದ ಬಿತ್ತನೆಯ ಹದವು ಬಾರದು. 24 ಗಂಟೆಗಳಲ್ಲಿ 64.5 ಮಿಲಿಮೀಟರು ಮುಟ್ಟಿದರೆ ‘ಭಾರಿ ಮಳೆ’ ಎನ್ನುತ್ತಾರೆ. ಈ 24 ಗಂಟೆಗಳ ಲೆಕ್ಕವು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ.

ಹಂಗಾಮಿನ ಮುನ್ಸೂಚನೆ

ಇಡೀ ಮುಂಗಾರಿನ ಮುನ್ಸೂಚನೆಯನ್ನು 1886ರಲ್ಲಿ ಮೊದಲು ಹೊರಡಿಸಿದವರು ಇಲಾಖೆಯ ಮೊದಲ ಮುಖ್ಯಸ್ಥರಾದ ಬ್ಲಾನ್‌ಫರ್ಡ್ ಅವರು. ಹಿಮಾಲಯದ ಹಿಮರಾಶಿಯನ್ನು ಅವರು ಆಧಾರವಾಗಿಟ್ಟುಕೊಂಡಿದ್ದರು. ಈಗ ಸಮುದ್ರಗಳ ಶಾಖವೇ ಮೊದಲಾದವುಗಳನ್ನು ಪರಿಗಣಿಸುತ್ತಾರೆ. ‘ವಾಡಿಕೆಯ ಮಳೆ’ ಎಂದರೆ ದೇಶದ ಸರಾಸರಿಯ ನೂರಕ್ಕೆ 96ರಿಂದ 104ರಷ್ಟು ಮಳೆ. ಇದು ದೇಶಕ್ಕೆಲ್ಲ ಸೇರಿದ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆಯಾದರೆ, ಘಟ್ಟದ ಮರೆಯ ಚಳ್ಳಕೆರೆಯಲ್ಲಿ 500 ಮಿಲಿಮೀಟರೂ ದುರ್ಲಭ. ದೇಶದ ಮಳೆಯು ವಾಡಿಕೆಯಷ್ಟಾದ ವರ್ಷದಲ್ಲಿಯೂ ಒಂದು ಹೋಬಳಿಯು ಬರಕ್ಕೆ ತುತ್ತಾಗಬಹುದು.

ರೈತರು ಅನುಸರಿಸತಕ್ಕ ಕ್ರಮಗಳು

1. ಒಂದು ಹದಮಳೆಯನ್ನೇ ನಂಬಿ ಬಿತ್ತಬಾರದು. ಮಣ್ಣನ್ನು ಅಗೆದು ತೇವವು ಕೆಳಗಿಳಿದಿದೆಯೇ ಎಂದು ನೋಡಿ, ಮುಂದಿನ 4-5 ದಿನಗಳ ಮುನ್ಸೂಚನೆಯೊಡನೆ ತಾಳೆ ಹಾಕಬೇಕು.

2. ಭಾರಿ ಮಳೆಯ ಸೂಚನೆಯಿದ್ದಾಗ ಮೇಲುಗೊಬ್ಬರ ಹಾಕುವುದನ್ನೂ ಔಷಧಿ ಸಿಂಪಡಿಸುವುದನ್ನೂ ಮುಂದೂಡಬೇಕು.

3. ಕೊಯ್ಲಿನ ಕಾಲದಲ್ಲಿ ವರದಿಯನ್ನು ದಿನವೂ ನೋಡಬೇಕು. ಕೊಯ್ದ ತೆನೆಯನ್ನು ಹೊಲದಲ್ಲಿ ಬಿಡದೆ ಬಣವೆ ಒಟ್ಟಿ ಮುಚ್ಚಬೇಕು.

4. ವರದಿಯಲ್ಲಿ ಹಳದಿ ಬಣ್ಣವಿದ್ದರೆ ಎಚ್ಚರದಿಂದ ಗಮನಿಸುವುದು, ಕಿತ್ತಳೆಯಿದ್ದರೆ ಸಿದ್ಧರಾಗಿರುವುದು, ಕೆಂಪಿದ್ದರೆ ತಡಮಾಡದೆ ಕಾರ್ಯಕ್ಕಿಳಿಯುವುದು ಎಂದರ್ಥ.

5. ಗುಡುಗು ಕೇಳಿದೊಡನೆ ಬಯಲನ್ನು ಬಿಟ್ಟು ಭದ್ರವಾದ ಮನೆಯನ್ನು ಸೇರಬೇಕು. ಮರದ ಕೆಳಗೆ ನಿಲ್ಲುವುದು ಪ್ರಾಣಾಪಾಯಕರ.

ಮುನ್ಸೂಚನೆಯು ಮಳೆಯನ್ನು ತರಲಾರದು, ತಡೆಯಲೂ ಆರದು. ನಾಡಿನ ಹವೆಯನ್ನು ಅದು ತಿಳಿಸುವುದು. ಹೊಲದ ಹದವನ್ನು ರೈತನೇ ತಿಳಿಯಬೇಕು. ಎರಡನ್ನೂ ಕೂಡಿಸಿ ನಡೆದವನಿಗೆ ನಷ್ಟದ ಸಂಭವವು ಕಡಿಮೆ.