ಕಾಣದ ಕಾಯಕಕ್ಕೆ ಸಂದ ಮನ್ನಣೆ

ಜೋಯಿಡಾ ಸೀಮೆಯ ಡಿಗ್ಗಿಯಲ್ಲಿ ಹುಟ್ಟಿ ದಾಂಡೇಲಿಯ ಮಗ್ಗುಲಲ್ಲಿ ಹರಿಯುವ ಕಾಳಿಯ ದಡದಲ್ಲಿ ನಿಂತಾಗಲೆಲ್ಲ ನನಗೆ ಮೈಸೂರು ನೆನಪಾಗುತ್ತದೆ. ಕಾರಣ ಅಲ್ಲಿಯ ಅರಮನೆಯಲ್ಲ, ಒಳಚರಂಡಿ! 2015ರಲ್ಲಿ ಕೇಂದ್ರ ಸರಕಾರವು 476 ನಗರಗಳ ನೈರ್ಮಲ್ಯವನ್ನು ಅಳೆದು ಮೈಸೂರಿಗೆ ಅಗ್ರಸ್ಥಾನವನ್ನಿತ್ತಿತು. 2016ರಲ್ಲಿ 73 ನಗರಗಳ ಸಮೀಕ್ಷೆಯಲ್ಲಿಯೂ ಅದೇ ಗೌರವ ಸಂದಿತು. ಮೊದಲ ಪರೀಕ್ಷೆಯಲ್ಲಿ ಬೀದಿಯ ಕಸದೊಡನೆ ಕೊಳಚೆ ನೀರಿನ ಶುದ್ಧೀಕರಣವೂ ಒರೆಗಲ್ಲಾಗಿತ್ತೆಂಬುದು ಗಮನಾರ್ಹ.

ಈ ಕೀರ್ತಿ ಒಂದು ದಿನದಲ್ಲಿ ಬಂದುದಲ್ಲ. ಪ್ಲೇಗಿನ ಪೆಟ್ಟನ್ನುಂಡ ಆ ಊರು 1903ರಲ್ಲಿಯೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯನ್ನು ಕಟ್ಟಿಕೊಂಡಿತು. ಅಲ್ಲಿಯ ನೆಲ ಬಡಗಲಲ್ಲಿ ಕಾವೇರಿಗೂ ತೆಂಕಲಲ್ಲಿ ಕಬಿನಿಗೂ ಇಳಿಜಾರಾಗಿದೆ. ಆ ಇಳಿಜಾರುಗಳಲ್ಲಿರುವ ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಗಳ ಘಟಕಗಳು ಕೊಳಚೆಯನ್ನು ತಡೆದು ನಿಲ್ಲಿಸುತ್ತವೆ. ಗಾಳಿಯುಂಡ ಸೂಕ್ಷ್ಮಾಣುಗಳು ಹೊಲಸನ್ನು ಜೀರ್ಣಿಸುತ್ತವೆ, ಕೆಸರು ತಳಕ್ಕಿಳಿಯುತ್ತದೆ, ತಿಳಿಯಾದ ನೀರು ಮುಂದಕ್ಕೆ ಸಾಗುತ್ತದೆ. ಇದನ್ನು ನೋಡಲು ಯಾವ ಯಾತ್ರಿಕನೂ ಬರುವುದಿಲ್ಲ.

2017ರಲ್ಲಿ ಇಂದೋರ್ ಮೊದಲನೆಯದಾಯಿತು, ಮೈಸೂರು ಐದನೆಯದಾಯಿತು. ಅಷ್ಟಕ್ಕೆ ಅಲ್ಲಿಯ ನೀರು ಮಲಿನವಾಯಿತೆನ್ನಲಾದೀತೇ? ಸ್ಥಾನವೆಂಬುದು ಇನ್ನೊಬ್ಬರೊಡನೆ ಹೋಲಿಸಿ ಬರುವಂಥದು. ನೀರಿನ ಶುಚಿತ್ವಕ್ಕೆ ನೀರೇ ಸಾಕ್ಷಿ.

ಕಾಳಿ ಇಲ್ಲಿಗೆ ನಿಲ್ಲುವುದಿಲ್ಲ, ಕಾರವಾರದ ಕಡಲಿನವರೆಗೆ ಹರಿಯುತ್ತದೆ. ದಾಂಡೇಲಿಯಾಗಲಿ, ಹಳಿಯಾಳ, ಮುಂಡಗೋಡಗಳಾಗಲಿ ಪ್ರಶಸ್ತಿಯ ಪಟ್ಟಿಯಲ್ಲಿ ಎಲ್ಲಿಯಾದರೂ ಇರಲಿ. ಹೊಳೆಯ ಕೆಳದಂಡೆಯಲ್ಲಿ ಅಳುಕದೆ ಬೊಗಸೆಯೊಡ್ಡುವವನು ಕೊಡುವ ಮನ್ನಣೆಯೇ ಹಿರಿದು. ಅದಕ್ಕೆ ಫಲಕವಿಲ್ಲ, ಸಮಾರಂಭವಿಲ್ಲ. ಆದರೆ ಅದನ್ನು ದಿನದಿನವೂ ಗಳಿಸಬೇಕು.