ರಾಮಮೂರ್ತಿ ನಗರದ ಸವಾರರಿಗೆ ಎಂಥ ಸೈಕಲ್ ಕಂಪ್ಯೂಟರ್?

ಸೈಕಲ್ ಕಂಪ್ಯೂಟರ್ ಎಂದರೆ ಹ್ಯಾಂಡಲ್ ಮೇಲೆ ಕೂರುವ, ಅಂಗೈಗಿಂತ ಚಿಕ್ಕದಾದ ಮೀಟರು. ವೇಗ, ದೂರ, ಸಮಯ ಈ ಮೂರನ್ನು ಎಲ್ಲ ಮಾದರಿಗಳೂ ತೋರಿಸುತ್ತವೆ. ಹಾದಿಯ ನಕ್ಷೆ, ಏರಿದ ಎತ್ತರ, ಹೃದಯ ಬಡಿತ, ಪೆಡಲ್ ತುಳಿತದ ಲೆಕ್ಕ, ಕಾಲಿನ ಶಕ್ತಿಯ ವ್ಯಾಟ್ ಇವೆಲ್ಲ ಹಣ ಹೆಚ್ಚಿದಂತೆ ಸೇರಿಕೊಳ್ಳುತ್ತವೆ. ಕೆಲವು ನೂರು ರೂಪಾಯಿಗೂ ಒಂದು ಸಿಗುತ್ತದೆ, ಅರ್ಧ ಲಕ್ಷ ದಾಟಿದ್ದೂ ಸಿಗುತ್ತದೆ. ಎಷ್ಟು ಹಣ ಹಾಕಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಸವಾರರು ದಿನವೂ ತುಳಿಯುವ ರಸ್ತೆ. ಮುಂದೆಂದೋ ತುಳಿಯಬೇಕೆಂದು ಆಸೆಪಟ್ಟ ರಸ್ತೆಯಲ್ಲ.

ಈ ಯಂತ್ರದ ವಂಶ ಹಳೆಯದು. ಅಮೆರಿಕದ ಕರ್ಟಿಸ್ ವೀಡರ್ 1895ರಲ್ಲಿ ತಯಾರಿಸಿದ ಸೈಕ್ಲೋಮೀಟರ್ ಚಕ್ರದ ಸುತ್ತುಗಳನ್ನು ಹಲ್ಲುಗಾಲಿಗಳಿಂದ ಎಣಿಸಿ ಮೈಲಿ ತೋರಿಸುತ್ತಿತ್ತು. ಜಪಾನಿನ ಕ್ಯಾಟ್‌ಐ ಕಂಪನಿಯ ಮೊದಲ ಎಲೆಕ್ಟ್ರಾನಿಕ್ ಸೈಕಲ್ ಕಂಪ್ಯೂಟರ್ ಬಂದದ್ದು 1981ರಲ್ಲಿ. ಗಾರ್ಮಿನ್ 2005ರಲ್ಲಿ ಎಡ್ಜ್ ಸರಣಿಯನ್ನು ಪ್ರಕಟಿಸಿದ ಮೇಲೆ ಉಪಗ್ರಹದ ಸಂಕೇತ ಹ್ಯಾಂಡಲ್‌ವರೆಗೆ ಬಂತು. ಈ ಎರಡು ಬಗೆ, ಅಂದರೆ ಚಕ್ರದ ಸುತ್ತು ಎಣಿಸುವುದು ಮತ್ತು ಉಪಗ್ರಹದಿಂದ ಸ್ಥಾನ ತಿಳಿಯುವುದು, ಇಂದಿಗೂ ಅಕ್ಕಪಕ್ಕದಲ್ಲೇ ಬಾಳುತ್ತಿವೆ.

ಬೆಂಗಳೂರಿನ ರಾಮಮೂರ್ತಿ ನಗರದಿಂದ ಹೊರಡುವ ಸವಾರಿಗಳು ಹೆಚ್ಚಾಗಿ ಮೂರು ಬಗೆಯವು. ಟಿನ್ ಫ್ಯಾಕ್ಟರಿ, ಕೆ.ಆರ್. ಪುರ ದಾಟಿ ಮಹದೇವಪುರ, ವೈಟ್‌ಫೀಲ್ಡ್ ಕಡೆಯ ಕಚೇರಿಗಳಿಗೆ ಹೋಗುವುದು ಒಂದು. ಭಾನುವಾರ ಬೆಳಕು ಹರಿಯುವ ಮುನ್ನ ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆಯವರೆಗೆ ಹೋಗಿ ತಿಂಡಿಯ ಹೊತ್ತಿಗೆ ಮರಳುವುದು ಇನ್ನೊಂದು. ಬೂದಿಗೆರೆ, ದೇವನಹಳ್ಳಿ ಮೂಲಕ ನಂದಿಬೆಟ್ಟಕ್ಕೆ ಏರುವುದು ಅಥವಾ ನಿಗದಿತ ಅವಧಿಯೊಳಗೆ ಮುಗಿಸಬೇಕಾದ ಇನ್ನೂರು, ಮುನ್ನೂರು ಕಿಲೋಮೀಟರಿನ ಬ್ರೆವೆ ಸವಾರಿಗೆ ಇಳಿಯುವುದು ಮೂರನೆಯದು. ಈ ಮೂರಕ್ಕೂ ಬೇಕಾದ ಯಂತ್ರ ಒಂದೇ ಅಲ್ಲ.

ಕಚೇರಿ ದಾರಿಯಲ್ಲಿ ಉಪಗ್ರಹ ಅಷ್ಟು ನಂಬಿಗಸ್ತ ಜೊತೆಗಾರನಲ್ಲ. ಕೆ.ಆರ್. ಪುರದ ತೂಗುಸೇತುವೆಯ ಅಕ್ಕಪಕ್ಕ, ಮೇಲ್ಸೇತುವೆಗಳ ಕೆಳಗೆ, ಮೆಟ್ರೊ ಹಳಿ ಹೊತ್ತ ಕಾಂಕ್ರೀಟ್ ಕಂಬಗಳ ಸಾಲಿನಲ್ಲಿ ಆಕಾಶ ತುಂಡುತುಂಡಾಗಿ ಕಾಣುತ್ತದೆ. ಸಂಕೇತ ಮರೆಯಾಗುತ್ತದೆ, ಇಲ್ಲವೇ ಗೋಡೆಗೆ ಬಡಿದು ತಡವಾಗಿ ತಲುಪುತ್ತದೆ. ಆಗ ಚಲಿಸುತ್ತಿರುವ ಸೈಕಲ್ಲಿನ ವೇಗ ಸೊನ್ನೆಗೆ ಇಳಿಯುತ್ತದೆ ಅಥವಾ ನಿಂತ ಸೈಕಲ್ ಪಕ್ಕದ ರಸ್ತೆಗೆ ಜಿಗಿದಂತೆ ದಾಖಲಾಗುತ್ತದೆ. ದಿನವೂ ಅದೇ ದಾರಿಯಲ್ಲಿ ಹೋಗಿಬರುವವರಿಗೆ ನಕ್ಷೆಯೂ ಬೇಕಿಲ್ಲ. ಅವರಿಗೆ ತಂತಿಯ ಸಾದಾ ಮಾದರಿಯೇ ಸರಿ. ಇಲ್ಲೊಂದು ಮಾತು ಹೇಳಲೇಬೇಕು: 2020ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ ಹೊರವರ್ತುಲ ರಸ್ತೆಯ 17 ಕಿಲೋಮೀಟರಿನಲ್ಲಿ ಸೈಕಲ್ ಪಥ ಗುರುತಿಸಲಾಗಿತ್ತು. ಮೆಟ್ರೊ ಕಾಮಗಾರಿಯ ನಡುವೆ ಅದು ಉಳಿಯಲಿಲ್ಲ. ಹಾಗಾಗಿ ಈ ದಾರಿಯ ಸವಾರರ ಕಣ್ಣು ರಸ್ತೆಯ ಮೇಲೆಯೇ ಇರಬೇಕು. ದೊಡ್ಡ ಅಂಕಿಯ, ಒಂದೇ ನೋಟಕ್ಕೆ ಓದಬಹುದಾದ ಪರದೆ ಇಲ್ಲಿ ಬಣ್ಣದ ನಕ್ಷೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಸಾದಾ ಮಾದರಿಯ ಕೆಲಸ ಸರಳ. ಮುಂಚಕ್ರದ ಸ್ಪೋಕ್ ಕಡ್ಡಿಗೆ ಒಂದು ಪುಟ್ಟ ಅಯಸ್ಕಾಂತ, ಫೋರ್ಕಿಗೆ ಒಂದು ಸೆನ್ಸರ್. ಚಕ್ರ ಒಂದು ಸುತ್ತು ಬಂದಾಗ ಅಯಸ್ಕಾಂತ ಸೆನ್ಸರಿನ ಒಳಗಿನ ಸ್ವಿಚ್ಚನ್ನು ಒಮ್ಮೆ ಮುಚ್ಚಿ ತೆರೆಯುತ್ತದೆ. ಆ ಎಣಿಕೆಯನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದರೆ ದೂರ, ಆ ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಆದ್ದರಿಂದ ಈ ಯಂತ್ರದ ಸತ್ಯವೆಲ್ಲ ಸವಾರರು ತುಂಬುವ ಒಂದೇ ಒಂದು ಅಂಕಿಯ ಮೇಲೆ ನಿಂತಿದೆ. ಹೆಚ್ಚಿನವರು ಪೆಟ್ಟಿಗೆಯ ಜೊತೆ ಬಂದ ಅಂಕಿಯನ್ನೇ ಬಿಟ್ಟುಬಿಡುತ್ತಾರೆ, ಆಮೇಲೆ ಗೆಳೆಯರ ಮೀಟರಿಗೂ ತಮ್ಮದಕ್ಕೂ ಹೊಂದುವುದಿಲ್ಲವೆಂದು ಕಂಪನಿಯನ್ನು ದೂರುತ್ತಾರೆ.

ಸಾಮಾನ್ಯವಾಗಿ ಬಳಸುವ ಪಟ್ಟಿಯ ಪ್ರಕಾರ 700×25 ಟೈರಿನ ಸುತ್ತಳತೆ 2105 ಮಿಲಿಮೀಟರ್, 700×28ಕ್ಕೆ 2136, 700×32ಕ್ಕೆ 2155, 26 ಇಂಚಿನ 1.95 ಅಗಲದ ಟೈರಿಗೆ 2050. ಗುಂಡಿಗಳ ಕಾಟಕ್ಕೆ 25ರ ತೆಳ್ಳನೆಯ ಟೈರ್ ತೆಗೆದು 32ರ ಟೈರ್ ಹಾಕಿಸಿದವರು ಅಂಕಿ ಬದಲಿಸದಿದ್ದರೆ ಮೀಟರು ಶೇ 2.3ರಷ್ಟು ಕಡಿಮೆ ತೋರಿಸುತ್ತದೆ. ನೂರು ಕಿಲೋಮೀಟರ್ ತುಳಿದರೂ ಪರದೆಯಲ್ಲಿ 97.7 ಮಾತ್ರ. ಪಟ್ಟಿಗಿಂತ ಒಳ್ಳೆಯ ದಾರಿ ಸ್ವತಃ ಅಳೆಯುವುದು. ಎಂದಿನಷ್ಟು ಗಾಳಿ ತುಂಬಿ, ಟೈರಿನ ವಾಲ್ವ್ ನೆಲದ ಕಡೆ ಬಂದಾಗ ಸೀಮೆಸುಣ್ಣದ ಗುರುತು ಹಾಕಬೇಕು. ಸವಾರರು ಸೀಟಿನ ಮೇಲೆ ಕೂತು, ಇನ್ನೊಬ್ಬರು ನೆಟ್ಟಗೆ ಹಿಡಿದು ಮುಂದೆ ಉರುಳಿಸಿ, ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ಎರಡನೇ ಗುರುತು ಹಾಕಬೇಕು. ನಡುವಿನ ಅಂತರವೇ ನಿಜವಾದ ಸುತ್ತಳತೆ. ಮೈಭಾರಕ್ಕೆ ಟೈರ್ ತುಸು ತಗ್ಗುವುದರಿಂದ ಕೂತು ಅಳೆಯುವುದೇ ಸರಿ.

ತಂತಿ ಬೇಡವೆನ್ನುವವರಿಗೆ ನಿಸ್ತಂತು ಮಾದರಿಗಳಿವೆ. ಅಗ್ಗದ ನಿಸ್ತಂತು ಮಾದರಿಗಳಲ್ಲಿ ಒಂದು ತೊಂದರೆ ಇದೆ: ಹ್ಯಾಂಡಲ್ ಮೇಲಿನ ಎಲ್‌ಇಡಿ ದೀಪದ ವಿದ್ಯುತ್ ಮಂಡಲ ಅವುಗಳ ಸಂಕೇತವನ್ನು ಕೆಡಿಸಬಲ್ಲದು. ಕತ್ತಲಲ್ಲಿ ದೀಪ ಹಚ್ಚಿದೊಡನೆ ವೇಗ ಇದ್ದಕ್ಕಿದ್ದಂತೆ ಎಂಬತ್ತು, ತೊಂಬತ್ತು ತೋರಿಸಿದರೆ ಕಾರಣ ಹೆಚ್ಚಾಗಿ ಇದೇ. ದೀಪವನ್ನು ಒಂದಿಷ್ಟು ದೂರ ಸರಿಸಿದರೆ ಸರಿಹೋಗುತ್ತದೆ. ತಂತಿಯ ಮಾದರಿಗೆ ಈ ಕಾಟವಿಲ್ಲ. ಅದರ ನಾಣ್ಯದಾಕಾರದ ಸೆಲ್ ತಿಂಗಳುಗಟ್ಟಲೆ ಬಾಳುತ್ತದೆ, ಮುಗಿದಾಗ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಹೊಸಕೋಟೆ ಕಡೆಯ ಭಾನುವಾರದ ಸವಾರರ ಅಗತ್ಯ ಬೇರೆ. ಅವರಿಗೆ ದಾಖಲೆ ಬೇಕು: ಎಲ್ಲಿಗೆ ಹೋದದ್ದು, ಎಷ್ಟು ಹೊತ್ತಿನಲ್ಲಿ, ಹೋದ ವಾರಕ್ಕಿಂತ ಹೇಗೆ. ಜಿಪಿಎಸ್ ಮಾದರಿ ಇಲ್ಲಿ ಹಣಕ್ಕೆ ತಕ್ಕ ಫಲ ಕೊಡುತ್ತದೆ. ಐಜಿಪಿಸ್ಪೋರ್ಟ್, ಎಕ್ಸಾಸ್ ಮುಂತಾದ ಚೀನಾ ಕಂಪನಿಗಳ ಆರಂಭದ ಮಾದರಿಗಳು ಹತ್ತು ಸಾವಿರ ರೂಪಾಯಿಯೊಳಗೇ ಸಿಗುತ್ತವೆ. ಸವಾರಿ ಮುಗಿದ ಮೇಲೆ ಫೋನಿನ ಮೂಲಕ ಸವಾರಿಗಳ ದಾಖಲೆ ಇಡುವ ಸ್ಟ್ರಾವಾ ಆ್ಯಪ್‌ಗೆ ಕಳಿಸುವ ಕೆಲಸವನ್ನು ಇಂಥವೂ ಚೆನ್ನಾಗಿಯೇ ಮಾಡುತ್ತವೆ. ಬೈಡೌ, ಗೆಲಿಲಿಯೋ, ಗ್ಲೋನಾಸ್‌ಗಳನ್ನೂ ಜಿಪಿಎಸ್ ಜೊತೆಗೆ ಬಳಸುವ ಮಾದರಿಗೆ ಹೆಚ್ಚು ಉಪಗ್ರಹಗಳು ಕಾಣುವುದರಿಂದ ಸ್ಥಾನ ಬೇಗ ಸಿಗುತ್ತದೆ. ಎರಡು ತರಂಗಾಂತರಗಳಲ್ಲಿ ಕೇಳಿಸಿಕೊಳ್ಳುವ ದುಬಾರಿ ಮಾದರಿಗಳು ಗೋಡೆಗೆ ಬಡಿದು ಬಂದ ಸಂಕೇತವನ್ನು ಇನ್ನೂ ಚೆನ್ನಾಗಿ ಗುರುತಿಸುತ್ತವೆ. ನಮ್ಮದೇ ನಾವಿಕ್ ಉಪಗ್ರಹ ವ್ಯವಸ್ಥೆಯ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಆಚೆ ಬದಿಯ ಬ್ಯಾಲಾಳುವಿನಲ್ಲಿದೆ. ಸಣ್ಣ ಉಪಕರಣಗಳಲ್ಲಿ ಸಾಮಾನ್ಯವಾದ ಎಲ್1 ತರಂಗಾಂತರ ನಾವಿಕ್‌ಗೆ ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ.

ಫೋನೇ ಇರುವಾಗ ಬೇರೆ ಯಂತ್ರವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ವಾರಕ್ಕೊಮ್ಮೆ ಒಂದೆರಡು ಗಂಟೆ ಹೋಗಿಬರುವವರು ಫೋನನ್ನು ಜೇಬಿನಲ್ಲಿಟ್ಟು ಆ್ಯಪ್ ಓಡಿಸಿದರೂ ಸಾಕು. ದಾಖಲೆ ಸಿಗುತ್ತದೆ, ಖರ್ಚಿಲ್ಲ. ಹ್ಯಾಂಡಲ್ ಮೇಲೆ ಇಟ್ಟರೆ ಮಾತ್ರ ಕಷ್ಟ ಶುರು. ಬಿಸಿಲಿನಲ್ಲಿ ಓದಲು ಫೋನಿನ ಪರದೆ ಪೂರ್ತಿ ಬೆಳಗಬೇಕು, ಬ್ಯಾಟರಿ ಇಳಿಯುತ್ತದೆ, ಬೆವರಿನ ಬೆರಳನ್ನು ಪರದೆ ಗುರುತಿಸುವುದಿಲ್ಲ. ಹಲವು ಸೈಕಲ್ ಕಂಪ್ಯೂಟರ್‌ಗಳ ಪರದೆ ಬಿಸಿಲಿನ ಬೆಳಕನ್ನೇ ಪ್ರತಿಫಲಿಸಿ ಅಂಕಿ ತೋರಿಸುವುದರಿಂದ ಬಿಸಿಲೇರಿದಷ್ಟೂ ಸ್ಪಷ್ಟ. ಜೊತೆಗೆ, ದಾರಿಯಲ್ಲಿ ಅವಘಡವಾದರೆ ಕರೆ ಮಾಡಲು ಫೋನಿನಲ್ಲಿ ಚಾರ್ಜ್ ಉಳಿದಿರಬೇಕು.

ನಂದಿಬೆಟ್ಟ ಏರುವವರ ಪ್ರಶ್ನೆ ಎತ್ತರದ್ದು. ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ 1478 ಮೀಟರ್. ಕೊನೆಯ ಸುಮಾರು ಏಳೂವರೆ ಕಿಲೋಮೀಟರಿನಲ್ಲಿ ನಾನೂರು ಮೀಟರಿಗೂ ಹೆಚ್ಚು ಏರಬೇಕು. ಇಲ್ಲಿ ವೇಗದ ಅಂಕಿ ನಿರುತ್ಸಾಹ ತರುವುದಲ್ಲದೆ ಬೇರೇನೂ ಹೇಳುವುದಿಲ್ಲ. ಮುಂದಿನ ತಿರುವಿನ ಏರು ಎಷ್ಟು ಕಡಿದು, ಇನ್ನೆಷ್ಟು ಉಳಿದಿದೆ ಎಂಬುದೇ ಮುಖ್ಯ. ಉಪಗ್ರಹದಿಂದ ಸಿಗುವ ಎತ್ತರ ಒರಟು. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುವ ಮಾದರಿ ಇಳಿಜಾರನ್ನು ಹೆಚ್ಚು ನಿಖರವಾಗಿ ಹೇಳುತ್ತದೆ, ಏಕೆಂದರೆ ಈ ಎತ್ತರಗಳಲ್ಲಿ ಪ್ರತಿ ಒಂಬತ್ತು ಮೀಟರ್ ಏರಿದಾಗ ಒತ್ತಡ ಸುಮಾರು ಒಂದು ಹೆಕ್ಟೋಪ್ಯಾಸ್ಕಲ್ ತಗ್ಗುತ್ತದೆ.

ಅದಕ್ಕೂ ಒಂದು ಮಿತಿಯಿದೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆರಡು ಬಾರಿ ಏರಿಳಿಯುತ್ತದೆ. ಬೆಳಗಿನ ನಾಲ್ಕರ ಹೊತ್ತಿಗೆ ಕೆಳಗಿದ್ದು ಹತ್ತರ ಹೊತ್ತಿಗೆ ಎರಡು ಹೆಕ್ಟೋಪ್ಯಾಸ್ಕಲ್‌ನಷ್ಟು ಮೇಲೇರುತ್ತದೆ. ನಸುಕಿನಲ್ಲಿ ಮನೆ ಬಿಟ್ಟು ಹತ್ತಕ್ಕೆ ಮರಳಿದವರ ಮನೆ, ಯಂತ್ರದ ಲೆಕ್ಕದಲ್ಲಿ, ಸುಮಾರು ಇಪ್ಪತ್ತು ಮೀಟರ್ ಕೆಳಗಿಳಿದಿರುತ್ತದೆ. ಯಂತ್ರ ಕೆಟ್ಟಿಲ್ಲ. ಗೊತ್ತಿರುವ ಎತ್ತರದಲ್ಲಿ ಮತ್ತೆ ಹೊಂದಿಸುವ ಸೌಲಭ್ಯವಿದ್ದರೆ ಸಾಕು.

ಬ್ರೆವೆಗಳ ಲೆಕ್ಕಾಚಾರ ಇನ್ನೂ ಕಟ್ಟುನಿಟ್ಟು. ಬ್ರೆವೆ ನಡೆಸುವ ಆಡಾಕ್ಸ್ ಇಂಡಿಯಾ ಸಂಸ್ಥೆಯ ನಿಯಮದಡಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ತಿಂಡಿಗೆ ನಿಂತದ್ದು, ಪಂಕ್ಚರ್ ಹಾಕಿದ್ದು, ನಿದ್ದೆ ಮಾಡಿದ್ದು ಎಲ್ಲವೂ ಈ ಅವಧಿಯೊಳಗೇ ಬರುತ್ತವೆ. ಸಿಗ್ನಲ್ಲಿನಲ್ಲಿ ನಿಂತಾಗ ಗಡಿಯಾರವನ್ನೂ ನಿಲ್ಲಿಸುವ ಆಟೊ ಪಾಜ್ ವ್ಯವಸ್ಥೆ ಇಲ್ಲಿ ಮೋಸಮಾಡುತ್ತದೆ. ಸರಾಸರಿ ವೇಗ ಚೆನ್ನಾಗಿ ಕಾಣುತ್ತಿರುವಾಗಲೇ ಅವಧಿ ಮೀರಿರಬಹುದು. ಚಲಿಸಿದ ಸಮಯ, ಒಟ್ಟು ಸಮಯ ಎರಡನ್ನೂ ಒಂದೇ ಪುಟದಲ್ಲಿ ತೋರಿಸುವ ಮಾದರಿ ಬೇಕು.

ಬ್ಯಾಟರಿಯ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿಸಿದ ಗಂಟೆಗಳನ್ನು ಪೂರ್ತಿ ನಂಬಬಾರದು. ದಾರಿ ತೋರಿಸುತ್ತ, ರಾತ್ರಿ ಪರದೆ ಬೆಳಗುತ್ತ, ಸೆನ್ಸರ್‌ಗಳ ಜೊತೆ ಮಾತಾಡುತ್ತ ಹೋದರೆ ಅದು ಬೇಗ ಕರಗುತ್ತದೆ. ಹದಿನೈದು ಗಂಟೆ ಬಾಳುತ್ತದೆಂದು ಬರೆದ ಯಂತ್ರವನ್ನು ಹದಿಮೂರೂವರೆ ಗಂಟೆಯ ಸವಾರಿಗೆ ನಂಬಿ ಒಯ್ಯುವುದು ಅಪಾಯ. ದಾಖಲೆ ಕಡಿಯದಂತೆ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತದೆಯೇ, ಚಾರ್ಜಿಂಗ್ ತೂತು ತಂತಿ ಚುಚ್ಚಿಯೂ ಸವಾರಿ ಮಾಡುವಂತಿದೆಯೇ ಎಂದು ಅಂಗಡಿಯಲ್ಲೇ ನೋಡಬೇಕು. ನಕ್ಷೆಯಲ್ಲೂ ಎರಡು ದರ್ಜೆಗಳಿವೆ. ಅಗ್ಗದವು ಖಾಲಿ ಪರದೆಯ ಮೇಲೆ ಹಾದಿಯ ಗೆರೆ ಮಾತ್ರ ಎಳೆಯುತ್ತವೆ. ದುಬಾರಿಯವು ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಪೂರ್ಣ ನಕ್ಷೆ ಹೊತ್ತು, ತಿರುವು ತಪ್ಪಿದರೆ ಹೊಸ ದಾರಿ ಹುಡುಕುತ್ತವೆ. ಹೆದ್ದಾರಿ ಹಿಡಿದು ಸಾಗುವ ಸವಾರಿಗೆ ಗೆರೆ ಸಾಕು. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿರಸ್ತೆಗಳಲ್ಲಿ ಅಲೆಯುವವರಿಗೆ ನಕ್ಷೆಯ ಹಣ ವ್ಯರ್ಥವಲ್ಲ. ಬ್ರೈಟನ್, ಗಾರ್ಮಿನ್, ವಾಹೂ ಕಂಪನಿಗಳ ಮಧ್ಯಮ ಮತ್ತು ಮೇಲಿನ ಮಾದರಿಗಳು ಈ ವರ್ಗದವು.

ತರಬೇತಿಯ ದೃಷ್ಟಿಯಿಂದ ಕೊಳ್ಳುವವರು ಎಎನ್‌ಟಿ ಪ್ಲಸ್ ಮತ್ತು ಬ್ಲೂಟೂತ್ ಎಂಬ ಎರಡೂ ನಿಸ್ತಂತು ಸಂಪರ್ಕಗಳಿರುವ ಯಂತ್ರ ಆರಿಸಿದರೆ ಯಾವ ಕಂಪನಿಯ ಸೆನ್ಸರ್ ಆದರೂ ಹೊಂದಿಕೊಳ್ಳುತ್ತದೆ. ಮೊದಲು ಕೊಳ್ಳಬೇಕಾದ ಸೆನ್ಸರ್ ಎದೆಗೆ ಕಟ್ಟುವ ಹೃದಯ ಬಡಿತದ ಪಟ್ಟಿ. ಕಾಲಿನ ಶಕ್ತಿ ಅಳೆಯುವ ಪವರ್ ಮೀಟರ್ ಅತ್ಯುತ್ತಮ ಸಾಧನ ನಿಜ. 1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬರರ್ ಅದನ್ನು ರೂಪಿಸಿದ ಮೇಲೆ ಸ್ಪರ್ಧಾಳುಗಳ ತರಬೇತಿಯೇ ಬದಲಾಯಿತು. ಆದರೆ ಎಷ್ಟೋ ಸಲ ಅದರ ಬೆಲೆ ಸೈಕಲ್ಲಿನ ಬೆಲೆಯನ್ನೇ ಮೀರುತ್ತದೆ. ಮುಂದೆಂದೋ ಅದನ್ನು ಕೊಂಡೇನು ಎಂಬ ಒಂದೇ ಕಾರಣಕ್ಕೆ ಇಂದು ಮೇಲಿನ ದರ್ಜೆಯ ಯಂತ್ರಕ್ಕೆ ಹಣ ಸುರಿಯುವುದು ಸರಿಯಲ್ಲ. ಮುರುಕು ದೀಪ, ಸವೆದ ಟೈರ್ ಇಟ್ಟುಕೊಂಡು ಬಣ್ಣದ ಪರದೆ ಕೊಳ್ಳುವುದಂತೂ ಖಂಡಿತ ತಪ್ಪು.

ಮಳೆಗಾಲಕ್ಕೆ ಐಪಿಎಕ್ಸ್7 ದರ್ಜೆ ಸಾಕು. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳಬಲ್ಲದು ಎಂದು ಅದರ ಅರ್ಥ. ರಭಸದ ನೀರಿನ ಧಾರೆಗೆ ಆ ದರ್ಜೆ ಭರವಸೆ ಕೊಡುವುದಿಲ್ಲವಾದ್ದರಿಂದ ವಾಟರ್ ಸರ್ವಿಸ್‌ಗೆ ಕೊಡುವ ಮುನ್ನ ಯಂತ್ರ ಬಿಚ್ಚಿಟ್ಟುಕೊಳ್ಳಬೇಕು. ಗುಂಡಿ ಹಾರಿದಾಗ ಕಿತ್ತುಬಿದ್ದರೂ ಕಳೆದುಹೋಗದಂತೆ ಹ್ಯಾಂಡಲ್ಲಿಗೆ ಒಂದು ದಾರ ಕಟ್ಟುವುದು ಒಳ್ಳೆಯದು.

ಹಣ ಉಳಿಸಲು ಬಳಸಿದ ಯಂತ್ರ ಕೊಳ್ಳುವುದೂ ಒಂದು ದಾರಿ. ಜಿಪಿಎಸ್ ಮಾದರಿಗಳ ಒಳಬ್ಯಾಟರಿಯನ್ನು ಸುಲಭವಾಗಿ ಬದಲಿಸಲಾಗದು. ಹಾಗಾಗಿ ಪೂರ್ತಿ ಚಾರ್ಜ್ ಮಾಡಿ ಒಂದು ಗಂಟೆ ಹೊರಗೆ ಓಡಿಸಿ ಎಷ್ಟು ಇಳಿಯಿತೆಂದು ನೋಡಬೇಕು. ಒತ್ತುಗುಂಡಿಗಳ ರಬ್ಬರ್ ಬಿರುಕು ಬಿಟ್ಟಿದ್ದರೆ ಮಳೆನೀರು ಒಳನುಗ್ಗುತ್ತದೆ. ಕಂಪನಿಯ ಆ್ಯಪ್ ಆ ಮಾದರಿಗೆ ಇನ್ನೂ ಹೊಂದುತ್ತದೆಯೇ ಎಂಬುದನ್ನು ಮಾರುವವರ ಎದುರಿನಲ್ಲೇ ಪರೀಕ್ಷಿಸಿ, ಹಳೆಯ ಖಾತೆಯಿಂದ ಯಂತ್ರವನ್ನು ಬಿಡಿಸಿಕೊಂಡ ಮೇಲೆಯೇ ಹಣ ಕೊಡಬೇಕು.